ಮಮ್ಮಿಯ ಬಿ.ಪಿ. ಗುಳಿಗೆ

ಯಾವ ವಸ್ತುವೇ ಆಗಲಿ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯದೆ ಮಲ್ಲಿಕಾಗೆ ಸಮಾಧಾನವಿರುತ್ತಿರಲಿಲ್ಲ. ಆರನೆಯ ತರಗತಿಯಲ್ಲಿದ್ದಾಗ ಮಿಕ್ಸರ್ ಬಿಚ್ಚಿ ತಂದೆಯಿಂದ ಬೈಸಿಕೊಂಡಿದ್ದಳು. ಆಮೇಲೆ ಗೋಡೆ ಗಡಿಯಾರ, ಆಮೇಲೆ ಇಸ್ತ್ರಿಪೆಟ್ಟಿಗೆ. ಸೆಕೆಂಡ್ ಪಿಯುಸಿಗೆ ಬರುವ ಹೊತ್ತಿಗೆ ಮನೆಯಲ್ಲಿ ಬಿಚ್ಚುವಂಥದ್ದು ಏನೂ ಉಳಿದಿರಲಿಲ್ಲ. ಆಗ ಅವಳ ಗಮನ ತಾಯಿಯ ಮೇಲೆ ಬಿತ್ತು.

ತಾಯಿ ವಿದ್ಯಾವತಿ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮನೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ಕೆಲವು ಸಂಜೆ ಸಾಲೆಯಿಂದ ಬಂದವಳೇ ಚಪ್ಪಲಿ ಸಹ ಬಿಡದೆ ಸೋಫಾದ ತುದಿಯಲ್ಲಿ ಕೂತುಬಿಡುತ್ತಿದ್ದಳು. ಬ್ಯಾಗು ತೊಡೆಯ ಮೇಲೆ, ಕಣ್ಣು ಎದುರಿನ ಗೋಡೆಯ ಮೇಲೆ. ಮಾತಾಡಿಸಿದರೆ ಉತ್ತರವಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋಗುವಳು. ಅಲಮಾರಿಯ ಬಾಗಿಲಿನ ಸದ್ದು, ನೀರಿನ ಸದ್ದು. ಕೇಳಿದರೆ, "ಬಿ.ಪಿ. ಗುಳಿಗಿ ತಗೊಂಡೆ" ಎನ್ನುವಳು. ಆಮೇಲೆ ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟರಲ್ಲಿ ಬೇರೆಯೇ ಹೆಂಗಸು ಅಡುಗೆಮನೆಯಲ್ಲಿರುತ್ತಿದ್ದಳು: ಏನೋ ಗುನುಗುತ್ತ, ಜೋಳದ ರೊಟ್ಟಿ ಬಡಿಯುತ್ತ, ಕಾಲೇಜಿನ ಸುದ್ದಿ ಕೇಳುತ್ತ.

ತಂದೆ ಗುರುಪ್ರಸಾದನೂ ಬಿ.ಪಿ. ಗುಳಿಗೆ ನುಂಗುವವನೇ. ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ, ಬಿ.ಪಿ. ಬರದೆ ಇನ್ನೇನು ಬಂದೀತು ಎಂದು ತಾನೇ ನಗುತ್ತಿದ್ದ. ಆದರೆ ಗುಳಿಗೆಗೆ ಮೊದಲು ಅವನ ಮುಖ ಹೇಗಿರುತ್ತಿತ್ತೋ ನಂತರವೂ ಹಾಗೇ ಇರುತ್ತಿತ್ತು. ಹಾಗಾದರೆ ಮಮ್ಮಿಯ ಗುಳಿಗೆ ಯಾವುದು?

ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ಮಲ್ಲಿಕಾ ಅಲಮಾರಿ ತೆಗೆದಳು. ಸೀರೆಗಳ ಹಿಂದೆ, ಕರವಸ್ತ್ರದಲ್ಲಿ ಸುತ್ತಿದ ಗುಳಿಗೆಯ ಪಟ್ಟಿ ಸಿಕ್ಕಿತು. ಅದರ ಮೇಲಿನ ಹೆಸರನ್ನು ಫೋನಿನಲ್ಲಿ ಹುಡುಕಿದಳು. ಅದು ಬಿ.ಪಿ. ಗುಳಿಗೆಯಲ್ಲ. ವಿಪರೀತ ಆತಂಕಕ್ಕೆ, ಇದ್ದಕ್ಕಿದ್ದಂತೆ ಏಳುವ ಗಾಬರಿಗೆ ವೈದ್ಯರು ಕೊಡುವಂಥದ್ದು. ಆ ಗಾಬರಿಯ ಲಕ್ಷಣಗಳನ್ನೂ ಅಲ್ಲೇ ಬರೆದಿದ್ದರು: ಎದೆ ಹೊಡೆದುಕೊಳ್ಳುವುದು, ಬೆರಳು ಜೋಮು ಹಿಡಿಯುವುದು, ಉಸಿರು ಸಾಲದಂತಾಗುವುದು, ಈಗಲೇ ಸಾಯುತ್ತೇನೆ ಅನ್ನಿಸುವುದು.

ಮಲ್ಲಿಕಾ ಮಂಚದ ಮೇಲೆ ಕೂತಳು. ತಾಯಿಯ ಗುಟ್ಟು ಹುಡುಕಲು ಹೋಗಿ ಅವಳು ಓದಿದ್ದು ತನ್ನದೇ ಕಥೆಯಾಗಿತ್ತು. ನೀಟ್ ಕೋಚಿಂಗಿನ ಭಾನುವಾರದ ಟೆಸ್ಟುಗಳಲ್ಲಿ ಒಂದು ವರ್ಷದಿಂದ ಅವಳಿಗೆ ಇದೆಲ್ಲ ಆಗುತ್ತಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಎದೆಯ ಮೇಲೆ ಯಾರೋ ಮೊಣಕಾಲೂರಿದಂತೆ ಆಗುತ್ತಿತ್ತು. ತನಗೆ ಹೃದಯದ ರೋಗವಿದೆ ಎಂದು ನಂಬಿ, ಹೇಳಿದರೆ ಓದು ಬಿಡಿಸುತ್ತಾರೆಂದು ಹೆದರಿ ಸುಮ್ಮನಿದ್ದಳು. ಈಗ ಅದಕ್ಕೊಂದು ಹೆಸರು ಸಿಕ್ಕಿತು. ಮಮ್ಮಿಗೂ ಅದೇ ಇದೆ ಎಂದೂ ಗೊತ್ತಾಯಿತು. ಹಾಗಿದ್ದರೆ ಮಮ್ಮಿಯನ್ನೇ ಕೇಳಬಹುದಿತ್ತು. ಆದರೆ ಕರವಸ್ತ್ರದಲ್ಲಿ ಸುತ್ತಿ ಸೀರೆಗಳ ಹಿಂದೆ ಇಟ್ಟಿದ್ದನ್ನು ಕೇಳುವುದಾದರೂ ಹೇಗೆ?

ಕೇಳುವುದಕ್ಕಿಂತ ನುಂಗುವುದು ಸುಲಭವೆನ್ನಿಸಿತು. ಅವಳು ಒಂದನ್ನು ತೆಗೆದುಕೊಂಡಳು.

ಆ ಭಾನುವಾರ ಟೆಸ್ಟ್ ಹಾಲಿನಲ್ಲಿ ಏನಾಯಿತೆಂಬುದನ್ನು ಅವಳು ಬಹಳ ದಿನ ಯೋಚಿಸಿದಳು. ಫ್ಯಾನು ನಿಂತಾಗಲೇ ಅದು ಇಷ್ಟು ಹೊತ್ತು ಸದ್ದು ಮಾಡುತ್ತಿತ್ತೆಂದು ತಿಳಿಯುತ್ತದಲ್ಲ, ಹಾಗೆ. ಸದ್ದು ನಿಂತಿತ್ತು. ಪಕ್ಕದ ಬೆಂಚಿನವನು ಪೆನ್ನು ಕಚ್ಚುತ್ತಿರುವುದು ಕಾಣುತ್ತಿತ್ತು, ಕಿಟಕಿಯಾಚೆ ಬೇವಿನ ಮರ ಕಾಣುತ್ತಿತ್ತು. ಅಂಕಗಳೇನೂ ಹೆಚ್ಚು ಬರಲಿಲ್ಲ. ಆದರೆ ಎಲ್ಲರಂತೆ ಕೂತು ಬರೆದು ಎದ್ದು ಬಂದಿದ್ದಳು. ಎಲ್ಲರಿಗೂ ಯಾವಾಗಲೂ ಹೀಗೇ ಇರುತ್ತದೆಯೇ ಎಂದು ಆಶ್ಚರ್ಯವಾಯಿತು.

ಮುಂದಿನ ಭಾನುವಾರವೂ ತೆಗೆದುಕೊಂಡಳು. ಆಮೇಲೆ ಲ್ಯಾಬ್ ಇದ್ದ ದಿನ, ಆಮೇಲೆ ಏನೂ ಇಲ್ಲದ ದಿನವೂ. ವಾರಕ್ಕೊಂದು ಸಾಕಾಗುತ್ತಿದ್ದದ್ದು ಈಗ ದಿನಕ್ಕೊಂದೂ ಸಾಲದಾಯಿತು. ಅಲಮಾರಿಯಿಂದ ತೆಗೆದರೆ ಗೊತ್ತಾಗುತ್ತದೆಂದು, ಮಮ್ಮಿಗೆ ಬೇಕೆಂದು ಸುಳ್ಳು ಹೇಳಿ ಹೊರಗಿನಿಂದ ತರತೊಡಗಿದಳು. ಹೆಚ್ಚು ಕೇಳದೆ ಕೊಡುವ ಒಂದು ಅಂಗಡಿ ಅವಳಿಗೆ ಸಿಕ್ಕಿತ್ತು.

ಬದಲಾವಣೆ ಮೊದಲು ಕಂಡದ್ದು ಗೌತಮಿಗೆ. ಗೌತಮಿ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂರುವ ಗೆಳತಿ. ಜಿಲ್ಲಾ ಪಂಚಾಯತಿ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದ ರಾಮಣ್ಣನ ಮಗಳು.

"ನಿನ್ನಿ ನಾ ಏನ್ ಹೇಳಿದೆ, ನೆಪ್ಪದನು ನಿಂಗ?" ಎಂದು ಒಂದು ದಿನ ಕೇಳಿದಳು.

"ಏನ್ ಹೇಳಿದಿ?"

"ನಮ್ಮಣ್ಣಗ ನೌಕ್ರಿ ಸಿಕ್ಕದ ಅಂತ ಹೇಳಿನಿ. ನೀ ನಕ್ಕಿ, ಕೈ ಸೈತ ಕೊಟ್ಟಿ."

ಮಲ್ಲಿಕಾಗೆ ಅದು ಚೂರೂ ನೆನಪಿರಲಿಲ್ಲ. ನಕ್ಕದ್ದೂ ನೆನಪಿಲ್ಲ, ಕೈ ಕೊಟ್ಟದ್ದೂ ನೆನಪಿಲ್ಲ.

"ನೀ ಏನರ ತಗೋಳಾಕತ್ತಿದಿ," ಎಂದಳು ಗೌತಮಿ. "ನಿನ್ನ ಕಣ್ಣು ನೋಡಿದ್ರ ತಿಳಿತದ."

"ವಿಟಮಿನ್."

ಗೌತಮಿ ಮತ್ತೆ ಕೇಳಲಿಲ್ಲ. ಆದರೆ ಆ ವಾರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮಲ್ಲಿಕಾ ನಿಂತಲ್ಲೇ ತೂಕಡಿಸಿ ಗಾಜಿನ ಕೊಳವೆಗಳ ಮೇಲೆ ಬಿದ್ದಾಗ ಅವಳನ್ನು ಹಿಡಿದೆತ್ತಿ ಕೂರಿಸಿದ್ದು ಗೌತಮಿಯೇ. ಅಂಗೈ ಕೊಯ್ದು ರಕ್ತ ಬಂದಿತ್ತು. ಕಾಲೇಜಿನವರು ತಂದೆಗೆ ಫೋನು ಮಾಡಿದರು. ಗುರುಪ್ರಸಾದ ಬಂದು, ಅವಳ ಬ್ಯಾಗು ಹಿಡಿದುಕೊಂಡು ಕಾರಿನತ್ತ ನಡೆಯುವಾಗ ಅದರಲ್ಲಿದ್ದ ಪುಸ್ತಕದೊಳಗಿಂದ ಗುಳಿಗೆಯ ಪಟ್ಟಿ ಜಾರಿ ಬಿತ್ತು.

ಮನೆಯಲ್ಲಿ ಅವನು ಕೂಗಾಡಲಿಲ್ಲ. ಅದು ಅವನ ಸ್ವಭಾವವಲ್ಲ. ಪಟ್ಟಿಯನ್ನು ಟೀಪಾಯಿಯ ಮೇಲಿಟ್ಟು ಕೂತ.

"ಪೇಪರದಾಗ ಓದತೀವಿ. ಗಾಂಜಾ ಅಂತ, ಗುಳಿಗಿ ಅಂತ. ನಮ್ಮ ಮನಿಗಿ ಬರತದ ಅಂದ್ಕೊಂಡಿರಲಿಲ್ಲ. ಯಾರ್ ಕೊಟ್ರು? ಹೆಸರು ಹೇಳು."

ಮಲ್ಲಿಕಾ ತಾಯಿಯನ್ನು ನೋಡಿದಳು. ವಿದ್ಯಾವತಿ ಪಟ್ಟಿಯನ್ನು ನೋಡುತ್ತಿದ್ದಳು. ಅದನ್ನು ಅವಳು ಗುರುತಿಸಿದ್ದು ಮಗಳಿಗೆ ಕಂಡಿತು. ಮಗಳಿಗೆ ಕಂಡದ್ದೂ ತಾಯಿಗೆ ತಿಳಿಯಿತು. ಈಗ ಹೇಳುತ್ತಾಳೆ ಎಂದುಕೊಂಡಳು ಮಲ್ಲಿಕಾ. ಹೆದರಿಕೆಗಿಂತ ಹೆಚ್ಚಾಗಿ ಏನು ಹೇಳಬಹುದೆಂಬ ಕುತೂಹಲವೇ ಅವಳಿಗಿತ್ತು.

"ಚಾ ಮಾಡ್ತೀನಿ," ಎಂದು ವಿದ್ಯಾವತಿ ಒಳಗೆ ಹೋದಳು.

"ಆ ಗೌತಮಿನೇ ಇರಬೇಕು," ಎಂದ ಗುರುಪ್ರಸಾದ. "ದಿನಾ ಅಕಿ ಜೋಡೀನೇ ಇರ್ತಿ."

"ಅಲ್ಲ ಪಪ್ಪಾ."

"ಮತ್ತ ಯಾರು?"

ಅದಕ್ಕೆ ಉತ್ತರ ಕೊಟ್ಟರೆ ತಾಯಿಯ ಹೆಸರು ಹೇಳಬೇಕಿತ್ತು. ಮಲ್ಲಿಕಾ ಬಾಯಿ ಬಿಡಲಿಲ್ಲ. ಆ ಮೌನವನ್ನೇ ಒಪ್ಪಿಗೆಯೆಂದು ತಿಳಿದು ಗುರುಪ್ರಸಾದ ರಾಮಣ್ಣನಿಗೆ ಫೋನು ಹಚ್ಚಿದ. ಮಗಳನ್ನು ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳಿ, ನಮ್ಮ ಹುಡುಗಿಯ ಹತ್ತಿರ ಸುಳಿಯುವುದು ಬೇಡ ಎಂದ. ಆಚೆಯಿಂದ ರಾಮಣ್ಣ ಏನೆಂದನೋ ಕೇಳಿಸಲಿಲ್ಲ. ಮಾತು ಬಹಳ ಹೊತ್ತೇನೂ ನಡೆಯಲಿಲ್ಲ.

ಮರುದಿನದಿಂದ ದಸರಾ ರಜೆ. ಗುಳಿಗೆಗಳನ್ನು ಚರಂಡಿಗೆ ಎಸೆದು, ಫೋನು ಕಸಿದುಕೊಂಡು, ತಾಯಿ ಮಗಳಿಬ್ಬರನ್ನೂ ಕಮಲಾಪುರಕ್ಕೆ ಬಿಟ್ಟು ಬಂದ. ಅದು ವಿದ್ಯಾವತಿಯ ತವರು. ಅಲ್ಲಿ ಅವಳ ತಾಯಿ ಚಂದಮ್ಮ, ಅಣ್ಣ ಮೌನೇಶ. ಊರ ಹೊರಗೆ ಕೆಂಪು ಬಾಳೆಯ ತೋಟ. "ಗಾಳಿ ಬದಲಾದ್ರ ತಲಿ ಶಾಂತ ಆಗ್ತದ" ಎಂಬುದು ಗುರುಪ್ರಸಾದನ ಲೆಕ್ಕ.

ತಲೆ ಶಾಂತವಾಗಲಿಲ್ಲ. ಮೊದಲ ದಿನ ನಿದ್ದೆ ಬರಲಿಲ್ಲ, ಅಷ್ಟೇ. ಆಮೇಲೆ ಬೆಳಕು ಚುಚ್ಚತೊಡಗಿತು. ಓಣಿಯಲ್ಲಿ ಟ್ರ್ಯಾಕ್ಟರ್ ಹೋದರೆ ಹಲ್ಲಿನೊಳಗೆ ಹೋದಂತಾಗುತ್ತಿತ್ತು. ಚಹಾದ ಕಪ್ಪು ತುಟಿಗೆ ಮುಟ್ಟುವ ಮೊದಲೇ ಚಹಾ ಬಟ್ಟೆಗೆಲ್ಲ ಚೆಲ್ಲಿ, ಆಯಿ ಚಂದಮ್ಮ ತಾನೇ ಹಿಡಿದು ಕುಡಿಸಬೇಕಾಯಿತು. ಟೆಸ್ಟ್ ಇರಲಿಲ್ಲ, ಪ್ರಶ್ನೆಪತ್ರಿಕೆ ಇರಲಿಲ್ಲ. ಆದರೂ ಟೆಸ್ಟ್ ಹಾಲಿನಲ್ಲಿ ಬರುತ್ತಿದ್ದ ಗಾಬರಿ ಅದಕ್ಕಿಂತ ಎಷ್ಟೋ ಜೋರಾಗಿ, ಬಿಡುವಿಲ್ಲದೆ ಬಂತು. ಇದು ನನ್ನ ಹಳೆಯ ಭಯವೋ, ಹೊಸದೊಂದೋ? ಅಂಥ ಸ್ಥಿತಿಯಲ್ಲೂ ಅವಳ ತಲೆಯ ಒಂದು ಮೂಲೆ ಇದನ್ನು ಕೇಳುತ್ತಿತ್ತು.

ಚಂದಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು ಒಲೆಗೆ ಹಾಕಿದಳು. "ನೆದರು ಆಗ್ಯಾದ ಕೂಸಿಗಿ. ಘಾಟೇ ಬರವಲ್ದು ನೋಡು, ಎಷ್ಟು ಕೆಟ್ಟ ನೆದರು ಅದ."

ವಿದ್ಯಾವತಿ ಮಗಳ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುದ್ದಿ ತಿಳಿದು ಗುರುಪ್ರಸಾದ ಮಧ್ಯಾಹ್ನಕ್ಕೆ ಬಂದ. ಮಗಳನ್ನು ನೋಡಿ ಮುಖ ಸಪ್ಪಗಾಯಿತಾದರೂ ಧೈರ್ಯ ಬಿಡಲಿಲ್ಲ.

"ಇನ್ನಾ ಎರಡು ದಿನ ತ್ರಾಸ್ ಆಗ್ತದ. ಬೀಡಿ ಬಿಡಾವರಿಗೂ ಹಿಂಗೇ ಆಗ್ತದ. ತಡಕೊಂಡ್ರ ಸುದ್ದ ಆಗ್ತಾಳ."

"ಇದು ಬೀಡಿ ಅಲ್ಲರಿ," ಎಂದಳು ವಿದ್ಯಾವತಿ.

"ಏನ್ ಬ್ಯಾರೆ?"

"ಈ ಗುಳಿಗಿ ಒಮ್ಮಿಗೇ ಬಿಡಸಬಾರದು. ಜೀವಕ್ಕ ಕುತ್ತು ಬರತದ. ಸ್ವಲ್ಪ ಸ್ವಲ್ಪೇ ಕಡಿಮಿ ಮಾಡಬೇಕು."

"ನಿಂಗ ಹ್ಯಾಂಗ ಗೊತ್ತು?"

ಅಂಗಳದಲ್ಲಿ ಬಾಳೆಗೊನೆ ಇಳಿಸುತ್ತಿದ್ದ ಮೌನೇಶನೂ ಬಾಗಿಲಿಗೆ ಬಂದು ನಿಂತ. ವಿದ್ಯಾವತಿ ಮಗಳ ಕೂದಲಿನಿಂದ ಕೈ ತೆಗೆಯದೆ ಮಾತಾಡಿದಳು.

"ನಾನೂ ಒಮ್ಮಿ ಬಿಟ್ಟಿದ್ದೆ. ಮಲ್ಲೂ ಸಣ್ಣಕಿ ಇದ್ದಾಗ. ಸೋಲಾಪುರಕ್ಕ ಹೋದಾಕಿ ಜ್ವರ ಬಂದಾವಂತ ಗೆಳತಿ ಮನ್ಯಾಗ ಉಳದಿದ್ದೆ, ನೆಪ್ಪದನ್ರಿ? ಜ್ವರ ಅಲ್ಲ ಅವು. ಅಕಿ ಮನಿ ಬಚ್ಚಲದಾಗ ಫಿಟ್ಸ್ ಬಂದು ಬಿದ್ದಿದ್ದೆ. ಬಿ.ಪಿ. ಅಂತ ನಾ ತಗೋತೀನಲ್ಲ, ಅದು ಇದೇ ಗುಳಿಗಿ. ಈ ಹುಡುಗಿಗಿ ಯಾರೂ ಕೊಟ್ಟಿಲ್ಲ. ನನ್ನ ಅಲಮಾರ್ಯಾಗಿಂದ ತಗೊಂಡಾಳ."

ಮಲ್ಲಿಕಾ ಕಣ್ಣು ತೆರೆದು ಕೆಳಗಿನಿಂದ ತಾಯಿಯ ಗದ್ದವನ್ನು ನೋಡಿದಳು.

"ಇಷ್ಟು ವರ್ಷ ನಂಗ ಹೇಳಿಲ್ಲ ನೀ," ಎಂದ ಗುರುಪ್ರಸಾದ.

"ಹೇಳಿದ್ರ ನಿಮ್ಮ ಮನ್ಯಾಗ ಏನಂತಿದ್ರು? ಹುಚ್ಚಿನ್ನ ಗಂಟು ಹಾಕಿದ್ರು ಅಂತಿದ್ರು. ಸೀರಿ ತರಾಕ ಸೋಲಾಪುರಕ್ಕ ಹೋಗ್ತಾಳ ಅಂದ್ರ ಯಾರೂ ಏನೂ ಕೇಳತಿರಲಿಲ್ಲ. ಅಲ್ಲಿ ಡಾಕ್ಟರ್ ಹತ್ರ ಹೋಗಿ ಬರತಿದ್ದೆ."

ಗುರುಪ್ರಸಾದ ಜೇಬಿನಿಂದ ಕೀಲಿ ತೆಗೆದ. "ಗಾಡಿ ತಿರುಗಿಸ್ತೀನಿ. ನೀ ನಿನ್ನ ಡಾಕ್ಟರಿಗಿ ಫೋನ್ ಹಚ್ಚು, ಈಗ ಏನ್ ಕೊಡಬೇಕು ಕೇಳು."

ಸೋಲಾಪುರದ ಡಾಕ್ಟರು ಆಗ ಏನು ಮಾಡಬೇಕೆಂದು ಹೇಳಿ, ಇಲ್ಲಿಗೆ ತರುವಷ್ಟು ದೂರದ ಪ್ರಯಾಣ ಬೇಡ, ಕಲಬುರಗಿಯಲ್ಲೇ ತಡಮಾಡದೆ ತೋರಿಸಿ ಎಂದರು. ಜೇವರ್ಗಿ ಕಾಲೋನಿಯಲ್ಲೇ, ಅವರ ಮನೆಯಿಂದ ಎರಡು ಓಣಿ ಆಚೆ ಮನೋವೈದ್ಯೆ ಜಯದೇವಿಯವರ ಕ್ಲಿನಿಕ್ಕಿತ್ತು. ಅವರು ತಮ್ಮ ಗುರುತಿನ ದವಾಖಾನೆಯೊಂದರಲ್ಲಿ ಮಲ್ಲಿಕಾಳನ್ನು ಮಲಗಿಸಿ ನೋಡಿಕೊಂಡರು. ನಡುಕ ಇಳಿದು ಮಲ್ಲಿಕಾ ಎದ್ದು ಕೂರುವಂತಾದ ಮೇಲೆ ತಾಯಿ ಮಗಳಿಬ್ಬರೂ ಡಾಕ್ಟರ ಎದುರು ಕೂತರು.

ಬೈಗುಳಕ್ಕೆ ತಯಾರಾಗಿ ಬಂದಿದ್ದ ಮಲ್ಲಿಕಾಗೆ ಮೊದಲ ಪ್ರಶ್ನೆಯೇ ವಿಚಿತ್ರವೆನಿಸಿತು.

"ಆ ಗುಳಿಗಿ ತಗೊಂಡಾಗ ಏನ್ ಒಳ್ಳೇದು ಅನಸ್ತಿತ್ತು?"

ಇದನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಫ್ಯಾನು ನಿಂತಂತೆ ಅನ್ನಿಸಿದ್ದನ್ನು ಹೇಳಿದಳು. ಹೇಳುತ್ತ ಹೇಳುತ್ತ ಟೆಸ್ಟ್ ಹಾಲು, ಮೊಣಕಾಲು, ಹೃದಯದ ರೋಗವೆಂದು ನಂಬಿದ್ದು, ಎಲ್ಲವೂ ಬಂತು. ಪಕ್ಕದಲ್ಲಿ ವಿದ್ಯಾವತಿ ಸೆರಗಿನ ತುದಿ ಹಿಡಿದು ಕೇಳುತ್ತಿದ್ದಳು. ಮಗಳಿಗೆ ಒಂದು ವರ್ಷದಿಂದ ಹೀಗಾಗುತ್ತಿತ್ತೆಂದು ಅವಳಿಗೆ ಅಲ್ಲೇ ಮೊದಲ ಸಲ ತಿಳಿದದ್ದು.

"ಡಾಕ್ಟರ್, ನಾ ಒಂದು ಕೇಳಲಿ?" ಎಂದಳು ಮಲ್ಲಿಕಾ. "ಭಯ ಇದ್ದದ್ದಕ್ಕ ಗುಳಿಗಿ ಬಂತು. ಆದ್ರ ಕಮಲಾಪುರದಾಗ ಬಂದ ಭಯ ಗುಳಿಗಿ ಬಿಟ್ಟಿದ್ದಕ್ಕ ಬಂತು. ಈಗ ನಂಗ ಇರೂದು ಯಾವುದು?"

ಜಯದೇವಿ ಪೆನ್ನು ಕೆಳಗಿಟ್ಟರು. "ಈಗ ಎರಡೂ ಕಲಸಿಹೋಗ್ಯಾವ. ಗುಳಿಗಿ ಮೊದಲ ಭಯಾನ ಮುಚ್ಚಿತು, ವಾಸಿ ಮಾಡಲಿಲ್ಲ. ಮ್ಯಾಲ ತನ್ನದೂ ಒಂದು ಭಯ ಸೇರಿಸಿತು. ನಿನ್ನ ವಯಸ್ಸಿನಾಗ ಮಿದುಳು ಇನ್ನಾ ಬೆಳೆಯಾಕತ್ತಿರ್ತದ, ಬೇಗ ರೂಢಿ ಆಗಿಬಿಡ್ತದ. ಸ್ವಲ್ಪ ಸ್ವಲ್ಪೇ ಇಳಸ್ಕೋತ ಹೋಗೋಣ. ಗುಳಿಗಿದು ಇಳದ ಮ್ಯಾಲ ಉಳಿಯೂದು ನಿಂದು. ಅದಕ್ಕ ಬ್ಯಾರೆ ಔಷಧ ಅದ, ಮಾತಾಡಿ ಕಲಿಯೂದೂ ಅದ. ಕುಟುಂಬದಾಗ ಮತ್ತ ಯಾರಿಗರ ಹಿಂಗ ಇತ್ತೇನು?"

"ನಂಗ," ಎಂದಳು ವಿದ್ಯಾವತಿ.

"ನಿಮ್ಮ ತಂದೆ ತಾಯಿಗಿ?"

ವಿದ್ಯಾವತಿಗೆ ಗೊತ್ತಿರಲಿಲ್ಲ. ಅವಳ ತಂದೆ, ಮಲ್ಲಿಕಾಳ ಮುತ್ಯಾ ದೌಲಪ್ಪ, ತೀರಿಹೋಗಿ ಬಹಳ ವರ್ಷವಾಗಿತ್ತು. ದೇವರ ಮನುಷ್ಯ ಎಂದು ಊರೆಲ್ಲ ಹೇಳುತ್ತಿತ್ತು, ಅಷ್ಟೇ.

ಆ ಪ್ರಶ್ನೆ ಮಲ್ಲಿಕಾಳನ್ನು ಬಿಡಲಿಲ್ಲ. ಗುಳಿಗೆ ನಿಧಾನವಾಗಿ ಇಳಿಯುತ್ತಿತ್ತು. ಕೆಲವು ದಿನ ಚೆನ್ನಾಗಿರುತ್ತಿತ್ತು, ಕೆಲವು ದಿನ ಬಾತ್‌ರೂಮಿಗೆ ಹೋಗಿ ಅಳುತ್ತಿದ್ದಳು. ಕಾಲೇಜಿಗೆ ಹೋದಾಗ ಗೌತಮಿ ಬೇರೆ ಬೆಂಚಿನಲ್ಲಿ ಕೂತಿದ್ದಳು. ಮಲ್ಲಿಕಾ ಹೋಗಿ ತಪ್ಪೊಪ್ಪಿಕೊಂಡಳು. ಗುರುಪ್ರಸಾದನೂ ರಾಮಣ್ಣನ ಮನೆಗೆ ಹೋಗಿ ಬಂದಿದ್ದ. ಗೌತಮಿ ಎಲ್ಲ ಕೇಳಿ, "ನೀ ಆರಾಮಾಗು. ಆದ್ರ ನಿಮ್ಮ ಪಪ್ಪಾ ನಿನ್ನ ಬ್ಯಾರೆ ಗೆಳತ್ಯಾರ ಮನಿಗಿ ಯಾಕ ಫೋನ್ ಮಾಡಲಿಲ್ಲ? ನಮ್ಮ ಮನಿಗೇ ಯಾಕ ಮಾಡಿದ್ರು?" ಎಂದಳು. ರಾಮಣ್ಣನವರ ಜಾತಿಯ ಬಗ್ಗೆ ಪಪ್ಪಾ ಮನೆಯಲ್ಲಿ ಆಡುತ್ತಿದ್ದ ಮಾತು ಮಲ್ಲಿಕಾಗೆ ನೆನಪಾಯಿತು. ಗೌತಮಿ ಮತ್ತೆ ಅವಳ ಬೆಂಚಿಗೆ ಬರಲಿಲ್ಲ.

ಸಂಕ್ರಾಂತಿಗೆ ತಾಯಿ ಮಗಳು ಮತ್ತೆ ಕಮಲಾಪುರಕ್ಕೆ ಹೋದರು. ಚಂದಮ್ಮ ಅಂಗಳದಲ್ಲಿ ಬಿಸಿಲಿಗೆ ಕೂತು ಶೇಂಗಾ ಸುಲಿಯುತ್ತಿದ್ದಳು. ಮಲ್ಲಿಕಾ ಪಕ್ಕದಲ್ಲಿ ಕೂತು ತಾನೂ ಸುಲಿಯತೊಡಗಿದಳು.

"ಆಯಿ, ಮುತ್ಯಾಗ ಎದಿ ಹೊಡಕೋತಿತ್ತೇನು?"

ಚಂದಮ್ಮ ಕೈ ನಿಲ್ಲಿಸಿದಳು. "ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ. ಕೇಳಾಕತ್ತೀನಿ."

ಮುದುಕಿ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು. ಆಮೇಲೆ ಹೇಳಿದಳು: "ಸಂತ್ಯಾಗ ನಿಂತಾಂವ ಒಮ್ಮಿಗೇ ಎಲ್ಲಾ ಬಿಟ್ಟು ಓಡಿ ಬರತಿದ್ದ. ಬಾವಿ ಮೆಟ್ಟಲ ಮ್ಯಾಲ ಹೋಗಿ ಕೂಡತಿದ್ದ, ಮೈಯೆಲ್ಲಾ ಬೆವತು. ಆಮ್ಯಾಲ ಬೈರಾಗಿಗಳ ಸಂಗಡ ಚಿಲುಮಿ ಸೇದಾಕ ಕಲತ. ಗಾಂಜಾನೇ ಮತ್ತ. ಸೇದಿದ್ರ ಹೊತ್ತಿಗಷ್ಟು ಸುಮ್ನ ಆಗತಿದ್ದ. ಕಡೀಗಿ ಕಡೀಗಿ ಅದೇ ಚಿಲುಮಿ ಸೇದಿ, ಗ್ವಾಡಿ ಹಿಂದ ಯಾರೋ ನಿಂತಾರ ಅಂತಿದ್ದ. ಮಂದಿ ವೈರಾಗ್ಯ ಬಂದಾದ ಅಂದ್ರು. ಪಾದಾ ಬೀಳತಿದ್ರು."

ಒಳಗಿನಿಂದ ಬಂದ ವಿದ್ಯಾವತಿ ಕಂಬಕ್ಕೆ ಒರಗಿ ನಿಂತಿದ್ದಳು. "ಅವ್ವಾ, ನೀ ಅಪ್ಪಗ ಕೇಳಲಿಲ್ಲೇನು, ಏನ್ ಆಗ್ತದ ಅಂತ?"

"ಗಂಡಗ ಹ್ಯಾಂಗ ಕೇಳೂದು? ಕೇಳೂ ಮಾತು ಅಂತನೇ ಗೊತ್ತಿರಲಿಲ್ಲ. ನಿಂದೂ ಗೊತ್ತಿರಲಿಲ್ಲ ನಂಗ." ಚಂದಮ್ಮ ಮೊಮ್ಮಗಳ ಕಡೆ ತಿರುಗಿದಳು. "ಏನ್ ಆಗ್ತದವ್ವಾ ಖರೇ? ಹೇಳು ನಂಗ. ನಾ ನೋಡೀನಿ ಅಷ್ಟೇ. ತಿಳಿದಿಲ್ಲ."

ಮಲ್ಲಿಕಾ ಹೇಳಿದಳು. ಆಯಿ ನಡುನಡುವೆ ಪ್ರಶ್ನೆ ಕೇಳುತ್ತ ಕೇಳಿಸಿಕೊಂಡಳು. ಕಣ್ಣು ಕಾಣತಾವೇನು? ಮಂದಿ ಮಾತು ಕೇಳಸ್ತದೇನು? ನೀರು ಕುಡದ್ರ ಹೋಗ್ತದೇನು? ಶೇಂಗಾ ಹಾಗೇ ಉಳಿಯಿತು.

ಮರಳುವ ಬಸ್ಸಿನಲ್ಲಿ ಹಬ್ಬದ ಗದ್ದಲ. ಸೀಟು ಸಿಕ್ಕಿತ್ತು, ಆದರೆ ಸುತ್ತಲೂ ಜನ ಒತ್ತಿಕೊಂಡು ನಿಂತಿದ್ದರು. ಊರು ದಾಟಿದ ಸ್ವಲ್ಪ ಹೊತ್ತಿಗೆ ಮಲ್ಲಿಕಾ ಕಿಟಕಿಯ ಸರಳನ್ನು ಗಟ್ಟಿಯಾಗಿ ಹಿಡಿದಳು. ವಿದ್ಯಾವತಿ ಗಮನಿಸಿದಳು.

"ಬಂತೇನು?"

ಮಲ್ಲಿಕಾ ತಲೆಯಾಡಿಸಿದಳು.

"ಎಲ್ಲಿಂದ ಶುರು ಆತು?"

"ಬೆರಳಿಂದ. ಕಿರುಬೆರಳಿಂದ ಮೊದಲು." ಉಸಿರು ಎಳೆದುಕೊಂಡು ಕೇಳಿದಳು, "ನಿಂಗ?"

ವಿದ್ಯಾವತಿಗೆ ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಅವಳು ನಿಜವಾಗಿಯೂ ನೆನಪಿಸಿಕೊಳ್ಳಬೇಕಾಯಿತು. "ಕಿವ್ಯಾಗ. ಕಿವಿ ಗುಂಯ್ ಅಂತದ ಮೊದಲ. ಆಮ್ಯಾಲ ಹೊಟ್ಟಿ."

"ಹೊಟ್ಟಿ? ನಂಗ ಹೊಟ್ಟ್ಯಾಗ ಏನೂ ಆಗಲ್ಲ."

"ಹೌದನು? ನಾ ಎಲ್ಲಾರಿಗೂ ಹೊಟ್ಟ್ಯಾಗೇ ಆಗ್ತದ ಅಂದ್ಕೊಂಡಿದ್ದೆ. ಈಗ ಎಲ್ಲಿ ಅದ?"

"ಮೊಳಕೈ."

"ಮ್ಯಾಲ ಏರಾಕತ್ತದನು?"

ಮಲ್ಲಿಕಾ ಕಣ್ಣು ಮುಚ್ಚಿ ನೋಡಿದಳು. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಆದರೆ ಆ ಜೋಮು ಮೊಳಕೈ ಬಿಟ್ಟು ಮೇಲೆ ಹೋಗುತ್ತದೋ ಇಲ್ಲವೋ ಎಂದು ಕಾಯುವುದರಲ್ಲಿ ಅವಳಿಗೆ ಬೇರೇನೂ ತೋಚಲಿಲ್ಲ.

"ಇಲ್ಲ," ಎಂದಳು. "ಅಲ್ಲೇ ನಿಂತದ. ತಡಿ, ನೋಡೂಣು."